ಸವೆಯದ ಟೈರು

ಯಾರಿಗೆ ಯಾವ ಸೈಕಲ್ ಒಗ್ಗುತ್ತದೆಂದು ಹೇಳುವ ಮುಂಚೆ ನಾನು ಅವರ ಹಳೆಯದನ್ನು ನೋಡುತ್ತೇನೆ. ಗಿರಾಕಿ ಬಡಾಯಿ ಕೊಚ್ಚಬಹುದು, ಟೈರು ಕೊಚ್ಚುವುದಿಲ್ಲ.

ಭಾವ ಅಕ್ಕನನ್ನೂ ಕರೆದುಕೊಂಡು ಅಂಗಡಿಗೆ ಬಂದಿದ್ದ. ಮೂರು ವರ್ಷದ ಹಿಂದೆ ನನ್ನಿಂದಲೇ ಒಯ್ದ ರೋಡ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆನ್ನು ನೀವಿಕೊಂಡ.

“ಪ್ರತಿ ಭಾನುವಾರ ನೂರು ಕಿಲೋಮೀಟರು ಬಗ್ಗಿಕೊಂಡು ತುಳಿದು ಸೊಂಟ ಬಿದ್ದೋಗಿದೆ ಕಣೋ. ದೂರದ ಸವಾರಿಗೆ ಅಂತಾನೇ ಮಾಡಿರೋ ಎಂಡ್ಯೂರೆನ್ಸ್ ಸೈಕಲ್ ತಗೊಂಡ್ರೆ ನೆಟ್ಟಗೆ ಕೂರಬಹುದಂತೆ. ಇಲ್ಲಾ ಕಚ್ಚಾ ರಸ್ತೆಗೂ ಆಗೋ ಗ್ರಾವೆಲ್ಲೇ ತಗೊಳ್ಳಲಾ?”

“ಒಂದು ವಾರಾನೂ ತಪ್ಪಿಸಲ್ಲ,” ಎಂದಳು ಅಕ್ಕ, ಹೆಮ್ಮೆಯಿಂದ.

ನಾನು ಚಕ್ರ ತಿರುಗಿಸಿದೆ. ಹೊಸ ಟೈರಿನ ಮೇಲೆ ಕೂದಲಿನಂಥ ರಬ್ಬರ್ ಎಳೆಗಳಿರುತ್ತವೆ. ನೆಲಕ್ಕೆ ತಾಗುವಂಥವು ಹತ್ತಿಪ್ಪತ್ತು ಕಿಲೋಮೀಟರಿಗೆಲ್ಲ ಸವೆದುಹೋಗುತ್ತವೆ. ಇಲ್ಲಿ ಒಂದೂ ಸವೆದಿರಲಿಲ್ಲ.

“ಟೈರು ಯಾವಾಗ ಬದಲಾಯಿಸಿದ್ರಿ?”

“ಯಾಕೆ ಬದಲಾಯಿಸ್ಲಿ? ನೀನು ಕೊಟ್ಟಿದ್ದೇ ಗಟ್ಟಿಮುಟ್ಟಾಗಿದೆ!”

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು.

“ಹಾಗಾದ್ರೆ ಈ ಸೈಕಲ್ಲು ಇಪ್ಪತ್ತು ಕಿಲೋಮೀಟರೂ ಓಡಿಲ್ಲ ಭಾವ.”

ಅಕ್ಕ ಬಗ್ಗಿ ಆ ಎಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಮತ್ತೆ, ಮೂರು ವರ್ಷದಿಂದ ಪ್ರತಿ ಭಾನುವಾರ ನಿಮ್ಮ ಅಂಗೀಲಿ ನಾನು ಒಗೀತಿರೋ ಬೆವರು ಎಲ್ಲೀದು?”