ಚಿಯೊಳ ಮುಖ

ನಿಬ್ಬು ಕಾಗದಕ್ಕೆ ತಾಗುತ್ತಲೇ ತೊಕಿಕೊಳ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು. ಚಿತ್ರಕಥೆಯ ಹುಡುಗಿ ಚಿಯೊಳ ಗಲ್ಲದಿಂದ ಕಿವಿಯವರೆಗೆ ಹೋಗಬೇಕಿದ್ದ ಗೆರೆ ಅರ್ಧದಲ್ಲೇ ಹಾರಿ ಪಕ್ಕದ ಚೌಕದ ಸಮುದ್ರಕ್ಕೆ ಬಿತ್ತು. ಬೆಳಗಿನಿಂದ ಹಾಳಾದ ಏಳನೆಯ ಹಾಳೆ ಅದು.

ಅದೇ ಕೈಯಲ್ಲಿ ಅವಳು ಮೂಲಂಗಿ ಹೆರೆಯುತ್ತಿದ್ದಳು, ಊಟದ ಕಡ್ಡಿಗಳಲ್ಲಿ ಒಂದೊಂದೇ ಸೋಯಾಕಾಳು ಎತ್ತಿ ತಿನ್ನುತ್ತಿದ್ದಳು, ಗುಂಡಿ ಹೊಲಿಯುತ್ತಿದ್ದಳು. ಪೆನ್ನು ಹಿಡಿದರೆ ಮಾತ್ರ ಕೈ ಅವಳದಾಗಿ ಉಳಿಯುತ್ತಿರಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸಿದಾಗ ಬಂದ ಚಿತ್ರವನ್ನು ಅವಳೇ ಹರಿದುಹಾಕಿದ್ದಳು. "ಬರೆಯೋರಿಗೆ, ಪಿಟೀಲು ನುಡಿಸೋರಿಗೆ ಹೀಗಾಗೋದುಂಟು. ಔಷಧಿ ಅಂತ ಏನಿಲ್ಲ. ಬೇರೆ ಏನಾದ್ರೂ ಕೆಲಸ ಬರುತ್ತಾ ನಿಮಗೆ?" ಎಂದು ಡಾಕ್ಟರು ಕೇಳಿದ್ದರು. ನಲವತ್ತೇಳರ ತೊಕಿಕೊ ನಕ್ಕುಬಿಟ್ಟಿದ್ದಳು. ಹತ್ತೊಂಬತ್ತಕ್ಕೆ ನೀಗಾತಾದಿಂದ ಟೋಕಿಯೊಗೆ ಬಂದವಳು ಚಿತ್ರಕಥೆ ಬಿಟ್ಟು ಇನ್ನೊಂದು ಕೆಲಸಕ್ಕೆ ಕೈಹಾಕಿದವಳೇ ಅಲ್ಲ. ತಾಯಿಯನ್ನು ಹುಡುಕುತ್ತ ಬಂದರಿನಿಂದ ಬಂದರಿಗೆ ಅಲೆಯುವ ಚಿಯೊಳ ಕಥೆ ಹುಡುಗಿಯರ ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ಬರುತ್ತಿತ್ತು.

ಎದುರು ಮೇಜಿನಲ್ಲಿ ಸಹಾಯಕಿ ಹಿಸನೊ ತಲೆ ತಗ್ಗಿಸಿ ದೋಣಿಗಳನ್ನು ಬರೆಯುತ್ತಿದ್ದಳು. ದೋಣಿ, ಹೆಂಚು, ಅಲೆ, ಗುಂಪಿನಲ್ಲಿ ದೂರದ ಜನರ ಬೆನ್ನು: ಒಂಬತ್ತು ವರ್ಷದಿಂದ ಅವಳ ಪಾಲಿಗೆ ಇಷ್ಟೇ. ಮುಖಗಳೆಲ್ಲ ತೊಕಿಕೊಳವು.

"ಹಿಸನೊ ಅವ್ರ ಕೈಲಿ ಮುಖ ಬರೆಸಿ ನೋಡೋಣ" ಎಂದರು ಆ ಸಂಜೆ ಬಂದ ಸಂಪಾದಕ ತಕಿಗುಚಿ. "ನಿಮ್ಮ ಕೈ ಸರಿಹೋಗೋವರೆಗೆ ಮಾತ್ರ. ಎರಡು ವಾರ ಬಿಟ್ರೆ ಮಕ್ಕಳು ಮೂರನೇ ವಾರಕ್ಕೆ ಇನ್ನೊಂದು ಕಥೆ ಹುಡ್ಕೊಂಡುಬಿಡ್ತಾರೆ."

"ಬೇಡ ಸೆನ್ಸೇ" ಹಿಸನೊ ತನ್ನ ಗುರು ತೊಕಿಕೊಳ ಕಡೆಗೇ ತಿರುಗಿ ಹೇಳಿದಳು. "ನಾನು ಬರೆದ್ರೆ ಬೊಂಬೆ ಥರ ಇರುತ್ತೆ."

"ಇರ್ಲಿ. ಓದೋರು ಬೈತಾರೆ. ಬೈದ್ರೆ ನನ್ನ ಕೈಗೂ ಸ್ವಲ್ಪ ರೋಷ ಬರುತ್ತೆ."

ಯಾರೂ ಬೈಯಲಿಲ್ಲ. ಆರು ವಾರ ಕಳೆದ ಮೇಲೆ ಓದುಗರ ಕಾರ್ಡುಗಳ ಕಟ್ಟು ಬಂತು. ಅವನ್ನು ಗಟ್ಟಿಯಾಗಿ ಓದುವುದು ತೊಕಿಕೊಳ ರೂಢಿ. ಅಕಿತಾದ ಆರನೇ ತರಗತಿಯ ಹುಡುಗಿಯೊಬ್ಬಳು ಬರೆದಿದ್ದಳು: "ಚಿಯೊ ಈಚೆಗೆ ತುಂಬ ಚೆನ್ನಾಗಿ ಕಾಣ್ತಾಳೆ. ಮುಂಚೆ ಅವಳನ್ನ ನೋಡಿದ್ರೆ ಸ್ವಲ್ಪ ಭಯ ಆಗ್ತಿತ್ತು. ಇನ್ಮುಂದೆ ಹೀಗೇ ಬರೀರಿ."

ಹಿಸನೊ ಪೆನ್ನು ಕೆಳಗಿಟ್ಟಳು. "ಮಗು ಅದು, ಏನೋ ಬರ್ದಿದೆ."

"ಮಗು ಯಾಕೆ ಸುಳ್ಳು ಬರೆಯುತ್ತೆ? ಗಲ್ಲ ಚಿಕ್ಕದು ಮಾಡಿದ್ದೀಯ. ನಾನು ನೋಡ್ತಾನೇ ಇದ್ದೀನಿ."

"ತಿದ್ತೀನಿ ಸೆನ್ಸೇ."

"ತಿದ್ದಬೇಡ" ಎಂದು ತೊಕಿಕೊ ಮುಂದಿನ ಕಾರ್ಡು ಎತ್ತಿಕೊಂಡಳು. ಅದರಲ್ಲೂ ಅದೇ ಇತ್ತು. ಆಮೇಲಿನವನ್ನು ಮನಸ್ಸಿನಲ್ಲೇ ಓದಿಕೊಂಡಳು.

ಡಿಸೆಂಬರಿನಲ್ಲಿ ತಕಿಗುಚಿ ಮತ್ತೆ ಬಂದರು. ಪತ್ರಿಕೆಯ ಕಥೆಗಳಲ್ಲಿ ಓದುಗರ ಮೆಚ್ಚುಗೆಯ ಲೆಕ್ಕಕ್ಕೆ ಚಿಯೊ ಒಂಬತ್ತನೆಯ ಸ್ಥಾನದಿಂದ ಮೂರಕ್ಕೇರಿದ್ದಳು. ಯೊಕೊಹಾಮಾದ ದೊಡ್ಡ ಅಂಗಡಿಯೊಂದು ಲೇಖಕಿಯನ್ನು ಕರೆದಿತ್ತು.

"ಮಕ್ಕಳ ಕಣ್ಣೆದುರೇ ಬರ್ದು ಕೊಡ್ಬೇಕು" ಎಂದರು ಚಹಾ ಬಟ್ಟಲಿನಿಂದ ಕಣ್ಣೆತ್ತದೆ. "ನೀವು ಇವತ್ತಿನವರೆಗೆ ಒಂದು ಫೋಟೋನೂ ಕೊಟ್ಟೋರಲ್ಲ. ಉರಬೆ ತೊಕಿಕೊ ನೋಡೋಕೆ ಹೇಗಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ..."

"ಹಾಗಾಗಿ ಹಿಸನೊ ಹೋಗ್ಲಿ ಅಂತ."

"ಕೊಂದ್ರೂ ಹೋಗಲ್ಲ ನಾನು" ಎಂದಳು ಹಿಸನೊ.

"ಹೋಗ್ತೀಯ. ನನ್ನ ಬೂದು ಕೋಟು ಹಾಕ್ಕೊ. ಈ ಸ್ವೆಟರಲ್ಲಿ ಹೋದ್ರೆ ಮೀನು ಮಾರೋಳು ಅಂದ್ಕೋತಾರೆ."

"ನಮ್ಮಮ್ಮ ಮೀನು ಮಾರ್ತಿದ್ದೋಳೇ ಅಲ್ವಾ ಸೆನ್ಸೇ!"

ಇಬ್ಬರೂ ನಕ್ಕರು. ಏನೋ ಇತ್ಯರ್ಥವಾಯಿತೆಂದು ತಕಿಗುಚಿಯೂ ತಡವಾಗಿ ನಕ್ಕರು.

ಭಾನುವಾರ ಅಂಗಡಿಯ ಆರನೇ ಮಹಡಿಯಲ್ಲಿ, ಆಟಿಕೆಗಳ ಸಾಲು ದಾಟಿ ಮೆಟ್ಟಿಲವರೆಗೂ ಹುಡುಗಿಯರು ನಿಂತಿದ್ದರು. ಹಿಸನೊ ಮೇಜಿನ ಮುಂದೆ, ತೊಕಿಕೊ ಅವಳ ಪಕ್ಕಕ್ಕೆ ಸ್ವಲ್ಪ ಹಿಂದೆ. ಚಿತ್ರಕ್ಕೆ ಹೊಸ ರಟ್ಟು ಮುಂದಿಡುವುದು, ಬರೆದದ್ದರ ಮಸಿ ಒತ್ತಿ ಆರಿಸಿ ಮಗುವಿಗೆ ಕೊಡುವುದು ತೊಕಿಕೊಳ ಕೆಲಸ. ಮೊದಮೊದಲು ಹಿಸನೊ ತಲೆಯನ್ನೇ ಎತ್ತಲಿಲ್ಲ. ಇಪ್ಪತ್ತು ರಟ್ಟು ಮುಗಿಯುವಷ್ಟರಲ್ಲಿ ಹೆಸರು ಕೇಳತೊಡಗಿದಳು. ಐವತ್ತಾದ ಮೇಲೆ ನಗುತ್ತಿದ್ದಳು. ತೊಕಿಕೊ ತಾನು ಬರೆಯುವಾಗ ಸದಾ ಗಲ್ಲದಿಂದ ಶುರುಮಾಡುತ್ತಿದ್ದಳು. ಹಿಸನೊ ಎಡಗಣ್ಣಿನಿಂದ ಶುರುಮಾಡಿ ಎಲ್ಲೂ ತಡೆಯದೆ ಸುತ್ತಿ ಬರುತ್ತಿದ್ದಳು. ಗೆರೆಯಲ್ಲಿ ಹೆದರಿಕೆ ಇರಲಿಲ್ಲ. ಅದು ಚೆನ್ನಾಗಿತ್ತು. ಚೆನ್ನಾಗಿಲ್ಲ ಅಂದುಕೊಳ್ಳಲು ತೊಕಿಕೊ ಎರಡು ಮೂರು ಸಲ ನೋಡಿದಳು, ಆಗಲಿಲ್ಲ.

ಕೆಂಪು ಟೋಪಿಯ ಮಗುವೊಂದು ರಟ್ಟು ಇಸಿದುಕೊಳ್ಳುತ್ತ ತೊಕಿಕೊಳನ್ನೇ ದಿಟ್ಟಿಸಿತು. "ದೊಡ್ಡಮ್ಮಾ, ನೀವೂ ಚಿಯೊನ ಬರೀತೀರಾ?"

"ಇಲ್ಲಮ್ಮ. ನಾನು ಮಸಿ ಆರಿಸೋಳು."

"ಅಷ್ಟೇನಾ?"

"ಅಷ್ಟೇ."

ಹಿಸನೊಳ ಪೆನ್ನು ಮಸಿಬಟ್ಟಲಿನ ಅಂಚಿನಲ್ಲಿ ನಿಂತಿತು. ತೊಕಿಕೊ ಕಾದಳು, ಏನಕ್ಕೆಂದು ಅವಳಿಗೂ ತಿಳಿಯದು. ಆಮೇಲೆ ಹಿಸನೊ, "ನಿನ್ನ ಹೆಸರೇನಮ್ಮ?" ಎಂದು ಮುಂದಿನ ಮಗುವನ್ನು ಕೇಳಿದಳು.

ವಾಪಸು ರೈಲಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಹಿಸನೊಳ ಮಡಿಲಲ್ಲಿ ಮಕ್ಕಳು ಕೊಟ್ಟ ಹೂ, ಸಿಹಿತಿಂಡಿಯ ಡಬ್ಬಿಗಳು. ಎಲ್ಲದರ ಮೇಲೂ ತೊಕಿಕೊಳ ಮನೆತನದ ಹೆಸರಿನಲ್ಲಿ 'ಉರಬೆ ಸೆನ್ಸೆಗೆ' ಎಂದು ದುಂಡು ಅಕ್ಷರ.

"ಇವತ್ತು ನಾನು..." ಎಂದು ಹಿಸನೊ ಏನೋ ಹೇಳಹೊರಟು, "ಕೈ ತುಂಬ ನೋಯ್ತಿದೆ ಸೆನ್ಸೇ" ಎಂದಳು.

"ಕೊಡು ಇಲ್ಲಿ."

ತೊಕಿಕೊ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮಣಿಕಟ್ಟಿನಿಂದ ನೀವತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಸನೊಳ ತಲೆ ಅವಳ ಭುಜಕ್ಕೆ ವಾಲಿತು. ಅವರು ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆದು, ತಣ್ಣನೆ ಗಾಳಿ ಒಳಬಂದು, ಬಾಗಿಲು ಮುಚ್ಚಿತು. ತೊಕಿಕೊ ನೀವುತ್ತಲೇ ಇದ್ದಳು.