ಹಿತ್ತಾಳೆ ಫಲಕ

ಚರ್ಚಿನ ಕೊಳವೆ ಆರ್ಗನ್ನಿನ ಗಾಳಿಪೆಟ್ಟಿಗೆಯೊಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟವಳಿಗೆ ಮೊದಲು ಕಂಡದ್ದು ಇಲಿಗೂಡು, ಆಮೇಲೆ ಆ ಸ್ಕ್ರೂ. ಹೊರಗಿನ ಹಲಗೆಯನ್ನು ತೂರಿಕೊಂಡು ಬಂದ ಅದರ ತುದಿ, ಒಂದು ಕೊಳವೆಗೆ ಗಾಳಿ ಬಿಡುವ ಪುಟ್ಟ ಮುಚ್ಚಳವನ್ನು ತೆರೆದು ಹಿಡಿದಿತ್ತು. ಅಷ್ಟಾದರೆ ಸಾಕು, ಯಾರೂ ಕೀ ಮುಟ್ಟದಿದ್ದರೂ ಆ ಕೊಳವೆ ಒಂದೇ ಸಮನೆ ಅರಚುತ್ತದೆ.

ಅದು ಅರಚಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಈ ಚರ್ಚಿನ ಆರ್ಗನ್ ನೋಡಿಕೊಳ್ಳುತ್ತಿದ್ದವನು ಅವಳ ಅಪ್ಪ. ಊರಿನ ಯಜಮಾನರ ಮಗಳ ಮದುವೆ. ಗಾಳಿಯೂದುವ ತಿದಿ ಉಬ್ಬಿದ್ದೇ ತಡ, ಆರ್ಗನ್ ಊಳಿಡತೊಡಗಿತು. ಮದುಮಗಳು ಕಿವಿ ಮುಚ್ಚಿಕೊಂಡು ಅತ್ತಳು. "ಒಳಗೆ ಏನೋ ಸಿಕ್ಕೊಂಡಿದೆ, ಬಿಚ್ಚಿ ನೋಡ್ತೀನಿ" ಎಂದು ಅಪ್ಪ ಅಂಗಲಾಚಿದ. "ಕುಡಿದು ಕೆಲಸ ಮಾಡಿದ್ದೀಯ" ಎಂದ ಯಜಮಾನರು ಬೀಗದ ಕೈ ಕಸಿದುಕೊಂಡು, ತುಂಬಿದ ಸಭೆಯಿಂದ ಅವನನ್ನು ಹೊರಗಟ್ಟಿದರು. ತೊಟ್ಟು ಹೆಂಡ ಮುಟ್ಟದ ಮನುಷ್ಯ ಸಾಯುವವರೆಗೂ ಕುಡುಕನೆಂದೇ ಅನ್ನಿಸಿಕೊಂಡ. ಯಾವ ಚರ್ಚೂ ಮತ್ತೆ ಅವನನ್ನು ಕರೆಯಲಿಲ್ಲ. ಆರ್ಗನ್ನಿಗೂ ಬೀಗ ಬಿತ್ತು.

ಈಗ ರಿಪೇರಿಗೆ ಅವಳನ್ನು ಕರೆದವರು ಹೊಸ ಪಾದ್ರಿ. ಯಾರ ಮಗಳು ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊರಗೆ ಬಂದು ನೋಡಿದರೆ ಸ್ಕ್ರೂವಿನ ತಲೆ ಇದ್ದದ್ದು ಆರ್ಗನ್ನಿನ ಮುಂಭಾಗದ ಹಿತ್ತಾಳೆ ಫಲಕದ ಮೂಲೆಯಲ್ಲಿ. ಫಲಕದ ಮೇಲೆ ದೇವರಿಗೆ ಸಣ್ಣ ಅಕ್ಷರ, ಯಜಮಾನರ ಹೆಸರಿಗೆ ದಪ್ಪಕ್ಷರ. ಯಜಮಾನರು ದಿನವೂ ಬಂದು ಅದರೆದುರೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

"ಇದನ್ನ ಹಾಕಿದ್ದು ಯಾರು ಯಜಮಾನ್ರೇ?" ಫಲಕ ಒರೆಸುತ್ತ ಕೇಳಿದಳು.

"ನಾನೇ ಕಣಮ್ಮ, ಮಗಳ ಮದುವೆ ಹಿಂದಿನ ದಿನ. ಆ ಕುಡುಕ ಎಲ್ಲೋ ಹೋಗಿದ್ದ. ಅವನನ್ನ ಯಾರು ಕಾಯ್ತಾರೆ ಅಂತ ಕೈಗೆ ಸಿಕ್ಕಿದ ಉದ್ದನೆ ಸ್ಕ್ರೂ ತಗೊಂಡು ನಾನೇ ತಿರುಗಿಸಿದೆ. ಇವತ್ತಿಗೂ ಅಲ್ಲಾಡಿಲ್ಲ ನೋಡು."

"ಹೌದು, ಭದ್ರವಾಗಿದೆ" ಎಂದಳು. ಅಲ್ಲೇ ಹೇಳಿಬಿಡಬಹುದಿತ್ತು, ಆದರೆ ಅಪ್ಪನ ಮಾನ ಹೋದದ್ದು ಖಾಲಿ ಚರ್ಚಿನಲ್ಲಲ್ಲ.

ತಿದಿಗೆ ಹೊಸ ಚರ್ಮ ಅಂಟಿಸಿದಳು. ಕೊಳವೆಗಳನ್ನು ಇಳಿಸಿ, ತೊಳೆದು, ಶ್ರುತಿ ಕೂಡಿಸಿದಳು. ಸ್ಕ್ರೂವನ್ನು ಮಾತ್ರ ಮುಟ್ಟದೆ, ಆ ಒಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿ ಸುಮ್ಮನಾಗಿಸಿದ್ದಳು. ಆರ್ಗನ್ ಮತ್ತೆ ನುಡಿಸುವ ಭಾನುವಾರ ಬೆಳಿಗ್ಗೆ ಬಟ್ಟೆ ಕಿತ್ತಳು.

ಚರ್ಚು ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಯಜಮಾನರು, ಪಕ್ಕದಲ್ಲಿ ತಲೆ ನರೆತ ಮಗಳು. ತಿದಿ ಉಬ್ಬಿತು, ಅದೇ ಅರಚಾಟ ಎದ್ದಿತು. ಮಗಳ ಕೈಗಳು ತಾವಾಗಿಯೇ ಕಿವಿಗೆ ಹೋದವು.

"ನಿಲ್ಸಮ್ಮ ಅದನ್ನ" ಎಂದು ಯಜಮಾನರು ಎದ್ದು ಬಂದರು.

ಅವಳು ಸ್ಕ್ರೂಡ್ರೈವರ್ ಚಾಚಿದಳು. "ಫಲಕದ ಕೆಳಗಿನ ಮೂಲೇದು ಬಿಚ್ಚಿ, ನಿಲ್ಲತ್ತೆ."

"ನೀನೇ ಬಿಚ್ಚು."

"ಹಾಕಿದವರು ನೀವು. ನೀವೇ ತೆಗೀರಿ. ಅಲ್ಲೀವರೆಗೂ ಕೂಗ್ತಿರತ್ತೆ."

ಸಭೆಯೆಲ್ಲ ನೋಡುತ್ತಿತ್ತು. ಯಜಮಾನರು ತಿರುಗಿಸಹೋದಾಗ ಸ್ಕ್ರೂಡ್ರೈವರ್ ಜಾರಿತು, ಅವರ ಹೆಸರಿನ ಮೇಲೆ ಗೀರು ಬಿತ್ತು. ನೆರವಿಗೆ ಯಾರೂ ಏಳಲಿಲ್ಲ. ಕೊನೆಗೆ ಸ್ಕ್ರೂ ಸಡಿಲವಾಯಿತು; ಸುತ್ತು ಸುತ್ತಿಗೂ ಅರಚಾಟ ಕ್ಷೀಣಿಸುತ್ತ ಬಂದು ನಿಂತಿತು.

"ಅಪ್ಪಾ, ಅವತ್ತೂ ಇದೇನಾ?" ಎಂದಳು ಮಗಳು.

ಯಜಮಾನರು ಅವಳತ್ತ ತಿರುಗಲಿಲ್ಲ. "ಯಾರಮ್ಮ ನೀನು?" ಎಂದರು ರಿಪೇರಿಯವಳಿಗೆ.

"ಆ ಕುಡುಕನ ಮಗಳು."

ಮಾರನೆಯ ದಿನ ಪಾದ್ರಿಯವರೇ ಫಲಕ ಇಳಿಸಿದರು. ಅವಳು ತೂತಿಗೆ ಹೊಸ ಮರದ ಬೆಣೆ ಬಡಿದಳು. ಕಪ್ಪಾದ ಹಲಗೆಯ ನಡುವೆ ಫಲಕವಿದ್ದಷ್ಟು ಜಾಗ ಬೆಳ್ಳಗೆ ಉಳಿದಿತ್ತು.

"ಇದಕ್ಕೊಂದಿಷ್ಟು ವಾರ್ನಿಷ್ ಹಚ್ಚಿಬಿಡಮ್ಮ" ಎಂದರು ಪಾದ್ರಿ. "ಬಂದವರಿಗೆಲ್ಲ ಕಣ್ಣಿಗೆ ಹೊಡೆಯತ್ತೆ."

ಅವಳು ಪಕ್ಕದಲ್ಲಿ ತೆರೆದಿದ್ದ ವಾರ್ನಿಷ್ ಡಬ್ಬಿಯ ಮುಚ್ಚಳ ಹಾಕಿ, ಸುತ್ತಿಗೆಯಿಂದ ಸುತ್ತಲೂ ಬಿಗಿಯಾಗಿ ಬಡಿದು, ಚೀಲಕ್ಕೆ ಸೇರಿಸಿದಳು.