ಬೂಟು ಬಿಚ್ಚಿ ಮಾಡಿದ ಹಾಡು

ನನ್ನ ಗಂಡ ನಾರಿಸ್‌ನಷ್ಟು ಚೆನ್ನಾಗಿ ಡ್ರಮ್ ಬಾರಿಸುವವನು ಇಡೀ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಬ್ಬನಿಲ್ಲ. ಹೆಂಡತಿ ಅಂತ ಹೊಗಳುತ್ತಿಲ್ಲ. ಹೆಂಡತಿಯಾಗಿ ಹೇಳುವುದಾದರೆ ಅವನಿಗೆ ಒದ್ದೆ ಟವೆಲ್ ಒಣಹಾಕಲೂ ಬರುವುದಿಲ್ಲ. ಅಂಥವನನ್ನು ‘ಐರನ್ ಮೆಡೋ’ ಬ್ಯಾಂಡಿನಿಂದಲೇ ತೆಗೆಯುತ್ತೇನೆಂದು ಪೆಟಿಫರ್ ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಪೆಟಿಫರ್ ಅಂದರೆ ಆಲ್ಬಮ್ ಮಾಡಿಸಲು ಕಂಪನಿ ಕಳಿಸಿದ್ದ ಲಂಡನ್ನಿನ ಮನುಷ್ಯ. ಎಪ್ಪತ್ತೊಂದರ ಆ ಬೇಸಿಗೆಯಲ್ಲಿ ನಾವೆಲ್ಲ ವೇಲ್ಸಿನ ಒಂದು ಹೊಲದ ಮನೆಯಲ್ಲಿ ಠಿಕಾಣಿ ಹೂಡಿದ್ದೆವು. ಹಳೇ ಕೊಟ್ಟಿಗೆಯೇ ರೆಕಾರ್ಡಿಂಗ್ ಕೋಣೆ. ಆ ಕಲ್ಲುಗೋಡೆಗೆ ಡ್ರಮ್ಮು ಗುಡುಗಿನ ಹಾಗೆ ಕೇಳುತ್ತಿತ್ತು. ಉಳಿದ ಹಾಡುಗಳೆಲ್ಲ ಮುಗಿದಿದ್ದವು. ಕೊನೆಯದು, ಎಲ್ಲಕ್ಕಿಂತ ಉದ್ದದ್ದು, ಮಾತ್ರ ಕೈಗೆ ಸಿಗಲೊಲ್ಲದು. ಅರ್ಧಕ್ಕೆ ಬರುವಷ್ಟರಲ್ಲಿ ನಾರಿಸ್ ಲಯ ಮೀರಿ ಓಡಲು ಶುರುಮಾಡುತ್ತಿದ್ದ.

“ರೈಲು ತಪ್ಪೋಗತ್ತೇನೋ ನಿಂಗೆ?” ಎಂದು ಗಿಟಾರಿನ ಆಲ್ವಿನ್ ರೇಗಿಸಿದ.

“ಸಂಜೆ ಲೋಮ್ಯಾಕ್ಸ್ ಬರ್ತಾರೆ,” ಎಂದ ಪೆಟಿಫರ್. “ಅಷ್ಟರಲ್ಲಿ ಸರಿಹೋದ್ರೆ ಆಯ್ತು. ಇಲ್ದಿದ್ರೆ ಇನ್ಮೇಲೆ ಎಲ್ಲಾದಕ್ಕೂ ಅವರೇ.” ಲೋಮ್ಯಾಕ್ಸ್ ಎಂದರೆ ಕರೆದಲ್ಲಿಗೆ ಬಂದು ಬಾರಿಸುವ ಹೆಸರಾಂತ ಡ್ರಮ್ಮರ್.

ನಾರಿಸ್ ಅಂಗಳದಲ್ಲಿ ತಲೆ ತಗ್ಗಿಸಿ ಕೂತ. “ಮತ್ತೆ ಎರಕದ ಕಾರ್ಖಾನೆಗೇ ಹೋಗ್ತೀನಿ ಬಿಡು, ಗ್ಲೆನಿಸ್.”

“ಹೋಗ್ತಾನಂತೆ! ಬಾಯ್ಮುಚ್ಕೊಂಡು ಎದ್ದೇಳು!” ಗದರಿದೆ, ನಿಜ. ಆದರೆ ನನಗೇ ಅಳು ಒತ್ತಿಕೊಂಡು ಬರುತ್ತಿತ್ತು.

ಮತ್ತೆ ಶುರುವಾಯಿತು. ಅಡುಗೆಯ ಪ್ಯೂ ಅಜ್ಜಿ ಟೀ ತಟ್ಟೆ ಹಿಡಿದು ಒಳಗೆ ಬಂದವಳು, ಹಾಡಿಗೆ ತನಗೇ ಗೊತ್ತಿಲ್ಲದೆ ಸೊಂಟ ಆಡಿಸುತ್ತ ನಿಂತಳು. ಅವಳು ನಿಂತಿರುವ ತನಕ ಲಯ ಒಂದಿಷ್ಟೂ ಜರುಗಲಿಲ್ಲ. ಅವಳು ಹೊರಗೆ ಹೋದದ್ದೇ ತಡ, ನಾರಿಸ್ ಓಡಿದ.

ಅಯ್ಯೋ ನನ್ನ ಬುದ್ಧಿಗಿಷ್ಟು! ಇವನು ಮೀಸೆ ಮೂಡುವ ಮೊದಲಿನಿಂದ ಶನಿವಾರದ ಡ್ಯಾನ್ಸ್ ಹಾಲುಗಳಲ್ಲಿ ಬಾರಿಸಿದವನು. ಕುಣಿಯುವವರ ಕಾಲು ನೋಡಿಕೊಂಡೇ ಲಯ ಹಿಡಿಯುವುದು ಅವನ ಅಭ್ಯಾಸ. ನನ್ನನ್ನು ಮೆಚ್ಚಿದ್ದೂ ಮೊದಲು ಕಾಲು ನೋಡಿ, ಆಮೇಲೆ ಮುಖ. ಇಲ್ಲಿ ಎದುರಿಗೆ ಏನಿದೆ? ಮೈಕುಗಳು, ಗೋಡೆ, ಗಾಜಿನಾಚೆ ಪೆಟಿಫರನ ಗಂಟುಮುಖ.

ಮುಂದಿನ ಸಲ ನಾನೇ ಎದುರಿಗೆ ಹೋಗಿ ಕುಣಿದೆ.

“ನಿಲ್ಸಿ! ಯಾರದು ಬಾಗಿಲು ಬಡೀತಿರೋದು?” ಎಂದು ಪೆಟಿಫರ್ ಕೂಗಿದ.

“ಬಾಗಿಲಲ್ಲ ಸಾರ್, ನನ್ನ ಚಪ್ಪಲಿ ಹಿಮ್ಮಡಿ!”

ಚಪ್ಪಲಿ ಮೂಲೆಗೆ ಹೋಯಿತು. ಪ್ಯೂ ಅಜ್ಜಿಯನ್ನೂ ಬರಿಗಾಲಲ್ಲಿ ಎಳೆದು ತಂದೆ. ಬೆಳಗಿನಿಂದ ಮೊದಲ ಸಲ ನಾರಿಸ್‌ನ ಹಲ್ಲು ಕಂಡಿತು. “ಇನ್ನೂ ಜನ ಬೇಕು ಕಣೇ. ಇಬ್ಬರಿಗೆಲ್ಲ ಹಾಲ್ ತುಂಬಲ್ಲ!”

ಟೇಪು ನೋಡಿಕೊಳ್ಳಲು ಗಾಜಿನಾಚೆ ಇನ್ನೊಬ್ಬನಿದ್ದನಲ್ಲ, ಪೆಟಿಫರನ ಟೈ ಹಿಡಿದು ಈಚೆಗೆ ಎಳೆದೆ.

“ನಂಗೆ ಕುಣಿಯೋಕೆ ಬರಲ್ಲಮ್ಮಾ!”

“ಬರದಿದ್ರೆ ಬೇಡ, ಬೂಟು ಬಿಚ್ಚಿ ಸಾರ್.”

ಬಿಚ್ಚಿದ. ಅವನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಪ್ಯೂ ಅಜ್ಜಿ ನಗು ತಡೆಯಲು ಸೆರಗಿನಂತೆ ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡಳು.

ಟೇಪು ತಿರುಗಿತು. ಏನು ಬಾರಿಸಿದ ಅಂತೀರಿ! ಹಾಡು ಅರ್ಧ ದಾಟಿತು, ಓಡಲಿಲ್ಲ. ಆಗ ಬಾಗಿಲು ಮೆಲ್ಲಗೆ ತೆರೆಯಿತು. ಲೋಮ್ಯಾಕ್ಸ್! ನಾನು ಮಾತ್ರ ಕಾಲು ನಿಲ್ಲಿಸಲಿಲ್ಲ. ಆತ ನಾರಿಸ್‌ನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ. ಚೀಲ ಕೆಳಗಿಟ್ಟ. ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚಿದ. ಆಮೇಲೆ ಬಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಕುಣಿದ.

ಕೊನೆಯ ತಾಳದ ಸದ್ದು ಪೂರ್ತಿ ಅಡಗುವ ತನಕ ಯಾರೂ ಉಸಿರು ಬಿಡಲಿಲ್ಲ.

“ಲೋಮ್ಯಾಕ್ಸ್,” ಪೆಟಿಫರ್ ಏದುಸಿರು ಬಿಡುತ್ತ ಕೇಳಿದ, “ನೀವಾಗಿದ್ರೆ ಇದನ್ನ ಹೇಗೆ ಬಾರಿಸ್ತಿದ್ರಿ?”

“ನಾನಾ? ನಂಗ್ಯಾಕೆ ಸಾರ್ ಆ ಉಸಾಬರಿ? ಇವರು ಬಾರಿಸ್ತಿದ್ರೆ ನನ್ನ ಕಾಲು ನಿಲ್ತಿಲ್ಲ.” ಲೋಮ್ಯಾಕ್ಸ್ ಬೆವರು ಒರೆಸಿಕೊಂಡು ನಾರಿಸ್ ಕಡೆ ತಿರುಗಿದ. “ಇನ್ನೊಂದ್ಸಲ ಬಾರ್ಸಪ್ಪಾ. ಟೇಪು ಗೀಪು ಏನೂ ಬೇಡ, ಸುಮ್ನೆ ಕುಣಿಯೋಣ.”

ಬೂಟಿಗೆ ಕೈಹಾಕಿದ್ದ ಪೆಟಿಫರ್ ಅದನ್ನು ಅಲ್ಲೇ ಬಿಟ್ಟು ಎದ್ದು ನಿಂತ. ನಾರಿಸ್ ಅವನ ಮುಖ ನೋಡಲೇ ಇಲ್ಲ. ನಮ್ಮ ಕಾಲುಗಳನ್ನು ನೋಡಿ ಕೋಲೆತ್ತಿದ.